ಸಾರ್ವಜನಿಕ ಪುಸ್ತಕಾಲಯವೂ ಮನೆಯ ವಿನೋದಗಳೂ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರಲ್ಲೊಬ್ಬರಾದ ನಾವೂ ಏನನ್ನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಾಗ, ಯಾವ ವಿಷಯವನ್ನು ಕುರಿತು ಬರೆಯುವುದೆಂದು ತೋಚದೆ ಕೆಲವು ದಿನ ಸುಮ್ಮನಿದ್ದೆವು. ನಾವು ಲೇಖಕಿಯರಲ್ಲ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕಚೇರಿಯ ಲೆಕ್ಕಪತ್ರಗಳನ್ನು ಬರೆದು ವಿಶ್ರಾಂತಿ ಪಡೆದಿರುವವರು. ಅಷ್ಟರಲ್ಲಿ ನಮ್ಮ ಮೊಮ್ಮಗಳೇ ವಿಷಯವನ್ನು ಒದಗಿಸಿಕೊಟ್ಟಳು. ಒಂದು ಮಧ್ಯಾಹ್ನ ನಾವು ಕೈಚೀಲವನ್ನೂ ಕೊಡೆಯನ್ನೂ ತೆಗೆದುಕೊಂಡು ಹೊರಡುತ್ತಿದ್ದುದನ್ನು ಕಂಡು ಅವಳು, “ಅಜ್ಜಿ, ಪುಸ್ತಕ ಬೇಕಾದರೆ ಫೋನಿನಲ್ಲೇ ಸಿಗುತ್ತದೆ. ಹಾಡು, ಸಿನಿಮಾ, ನಾಟಕ ಎಲ್ಲಾ ಮನೆಯಲ್ಲೇ ಇದೆ. ಈ ಬಿಸಿಲಿನಲ್ಲಿ ಲೈಬ್ರರಿಗೆ ಯಾಕೆ ಹೋಗುತ್ತೀರಿ?” ಎಂದು ಕೇಳಿದಳು. ಪ್ರಶ್ನೆಯಲ್ಲಿ ಉದ್ಧಟತನವಿರಲಿಲ್ಲ. ಆದರೂ ಕೂಡಲೇ ಉತ್ತರ ಕೊಡಲು ನಮ್ಮಿಂದಾಗಲಿಲ್ಲ. “ಬಂದು ಹೇಳುತ್ತೇನೆ, ಮರಿ” ಎಂದು ಹೊರಟುಬಿಟ್ಟೆವು. ಅಂದು ಹೇಳಲಾಗದೆ ಉಳಿದ ಉತ್ತರವನ್ನೇ ಇಲ್ಲಿ ಬರೆಯಲು ಯತ್ನಿಸಿದ್ದೇವೆ.

ನಾವು ಈ ಶಾಲೆಯಲ್ಲಿ ಓದುತ್ತಿದ್ದಾಗ ಪುಸ್ತಕಾಲಯವೆಂದರೆ ಉಪಾಧ್ಯಾಯಿನಿಯರ ಕೊಠಡಿಯ ಮೂಲೆಯಲ್ಲಿದ್ದ ಎರಡು ಗಾಜಿನ ಬೀರುಗಳು. ಶುಕ್ರವಾರ ಕಡೆಯ ಪಾಠದ ಹೊತ್ತಿಗೆ ಅವುಗಳ ಬೀಗ ತೆಗೆಯುತ್ತಿದ್ದರು. ಕೆಳಗಿನ ಅರೆಯಲ್ಲಿ, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನವರು ಪ್ರಕಟಿಸಿದ ಕಿಟ್ಟೆಲರ ನಿಘಂಟಿನ ಒಂದು ಭಾರಿ ಪ್ರತಿ ಇದ್ದಿತು. ಅದನ್ನು ಎತ್ತಿ ಮೇಜಿನ ಮೇಲಿಡುವುದಕ್ಕೆ ಇಬ್ಬರು ಹುಡುಗಿಯರು ಬೇಕಾಗುತ್ತಿದ್ದರು. ಒಬ್ಬೊಬ್ಬರಿಗೆ ವಾರಕ್ಕೆ ಒಂದೊಂದು ಪುಸ್ತಕ. ನಮ್ಮ ಸರದಿ ಬರುವ ವೇಳೆಗೆ ಒಳ್ಳೆಯ ಪುಸ್ತಕಗಳೆಲ್ಲ ಮುಂದಿನ ಸಾಲಿನವರ ಪಾಲಾಗಿರುತ್ತಿದ್ದವು. ನಮ್ಮ ಕನ್ನಡ ಉಪಾಧ್ಯಾಯಿನಿಯವರು ಇದನ್ನು ಗಮನಿಸಿದ್ದರೆಂದು ತೋರುತ್ತದೆ. 1975ನೆಯ ಇಸವಿಯಲ್ಲಿ ಒಂದು ಶನಿವಾರ ತರಗತಿಯವರನ್ನೆಲ್ಲ ಸಾಲುಗೂಡಿಸಿಕೊಂಡು ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿರುವ ದೊಡ್ಡ ಪುಸ್ತಕಾಲಯಕ್ಕೆ ಕರೆದೊಯ್ದರು.

ಆ ಕೆಂಪು ಕಟ್ಟಡವನ್ನು ಬಲ್ಲ ವಾಚಕರು ಹಲವರಿರಬಹುದು. 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್‌ರವರ ಸ್ಮಾರಕವಾಗಿ ಕಟ್ಟಿದ ಭವನವದು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1915ರ ಸುಮಾರಿಗೆ, ಅಲ್ಲಿ ಸಾರ್ವಜನಿಕ ಪುಸ್ತಕಾಲಯವು ನೆಲೆಗೊಂಡಿತು. ಮುಂದೆ ಅದೇ ರಾಜ್ಯ ಕೇಂದ್ರ ಗ್ರಂಥಾಲಯವಾಯಿತು. ಇದನ್ನೆಲ್ಲ ಉಪಾಧ್ಯಾಯಿನಿಯವರು ಬಾಗಿಲಲ್ಲಿಯೇ ನಿಲ್ಲಿಸಿ ಹೇಳಿದರು. ಆಮೇಲೆ, “ಒಳಗೆ ಕುಳಿತು ಓದುವುದಕ್ಕೆ ಯಾರ ಅಪ್ಪಣೆಯೂ ಬೇಡ. ಕೈ ಮಾತ್ರ ಶುಚಿಯಾಗಿರಲಿ” ಎಂದರು. ನಾವು ಹಿಂದುಮುಂದು ನೋಡುತ್ತ ಒಂದು ಪುಸ್ತಕವನ್ನು ತೆಗೆದುಕೊಂಡು ಉದ್ದನೆಯ ಮೇಜಿನ ಒಂದು ಕೊನೆಯಲ್ಲಿ ಕುಳಿತೆವು. ಎದುರಿಗೆ ಪೇಟ ಧರಿಸಿದ ಮುದುಕರೊಬ್ಬರು ಪತ್ರಿಕೆ ಓದುತ್ತಿದ್ದರು. ಪಕ್ಕದಲ್ಲಿ ಖಾಕಿ ಅಂಗಿಯ ತರುಣನೊಬ್ಬ ಯಾವುದೋ ಪುಸ್ತಕದಿಂದ ಬರೆದುಕೊಳ್ಳುತ್ತಿದ್ದನು. ಅರ್ಧ ಗಂಟೆಯ ಹೊತ್ತು ಯಾರೊಬ್ಬರೂ ನಮ್ಮನ್ನು ಯಾರ ಮಗಳು, ಯಾವ ಊರಿನವಳು, ಏಕೆ ಸುಮ್ಮನೆ ಕುಳಿತಿದ್ದೀಯೆ ಎಂದು ಕೇಳಲಿಲ್ಲ. ಹದಿನಾಲ್ಕು ವರ್ಷದ ನಮಗೆ ಅದು ಅದುವರೆಗೆ ಎಲ್ಲಿಯೂ ದೊರೆಯದಿದ್ದ ಅನುಭವ.

ಮನೆಯಲ್ಲಿ ಹಾಗೆ ಕುಳಿತವರನ್ನು ಸುಮ್ಮನೆ ಬಿಡುವ ವಾಡಿಕೆ ಇರಲಿಲ್ಲ. ಇದರಲ್ಲಿ ಮನೆಯವರ ದೋಷವೇನೂ ಇಲ್ಲ. ಹೆಣ್ಣುಮಗಳು ಪುಸ್ತಕ ಹಿಡಿದು ಕುಳಿತರೆ ಅವಳಿಗೆ ಬೇರೆ ಕೆಲಸವಿಲ್ಲವೆಂದು ಅರ್ಥ. ಕೆಲಸವಿಲ್ಲದವರಿಗೆ ಕೆಲಸ ಕೊಡುವುದು ಹಿರಿಯರ ಧರ್ಮ. ಮನೆಯ ವಿನೋದವೆಂದರೆ ಆಗ ರೇಡಿಯೋ ಒಂದೇ. ಅದನ್ನು ನಾವು ಹಗುರಾಗಿ ಕಾಣುವುದಿಲ್ಲ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ನಿಲಯವನ್ನು ಸ್ಥಾಪಿಸಿ ಅದನ್ನು ಆಕಾಶವಾಣಿಯೆಂದು ಕರೆದ ದಿನದಿಂದ, ಓದುಬರಹ ಬಾರದವರ ಮನೆಗೂ ಸಂಗೀತ, ನಾಟಕ, ಹರಿಕಥೆಗಳು ನಡೆದು ಬಂದವು. ಪರಂತು ನಮ್ಮ ಮನೆಯ ರೇಡಿಯೋ ನಡುಮನೆಯ ಎತ್ತರದ ಗೂಡಿನಲ್ಲಿದ್ದಿತು. ಬೆಳಗಿನ ವಾರ್ತೆ ತಂದೆಯವರದು, ಕ್ರಿಕೆಟ್ಟಿನ ವಿವರಣೆ ಅಣ್ಣಂದಿರದು, ರಾತ್ರಿಯ ಹಿಂದಿ ಹಾಡುಗಳು ಸೋದರಮಾವನವರದು. ನಮ್ಮ ತಾಯಿಯವರು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದರು. ಅವರು ತಮಗೆ ಬೇಕೆಂದು ಆ ರೇಡಿಯೋದ ಗುಂಡಿಯನ್ನು ತಿರುಗಿಸಿದುದನ್ನು ನಾವೊಂದು ದಿನವೂ ಕಂಡವರಲ್ಲ.

ಮಾರನೆಯ ವರ್ಷ ನಮ್ಮ ಬಡಾವಣೆಯ ಶಾಖಾ ಪುಸ್ತಕಾಲಯಕ್ಕೆ ಸದಸ್ಯರಾಗಬೇಕೆಂದು ಆಸೆಪಟ್ಟೆವು. ಅರ್ಜಿಗೆ ಹಿರಿಯರೊಬ್ಬರ ಸಹಿ ಬೇಕಾಗಿತ್ತು. ಚಿಕ್ಕದೊಂದು ಠೇವಣಿಯನ್ನೂ ಕಟ್ಟಬೇಕಾಗಿತ್ತು. ತಂದೆಯವರು, “ಶಾಲೆಯ ಪುಸ್ತಕಗಳನ್ನು ಓದಿದರೆ ಸಾಕು” ಎಂದು ಕಾಗದವನ್ನು ಪಕ್ಕಕ್ಕಿಟ್ಟರು. ಎರಡು ದಿನಗಳಾದ ಮೇಲೆ ತಾಯಿಯವರು ಸಾಸಿವೆ ಡಬ್ಬಿಯಲ್ಲಿಟ್ಟಿದ್ದ ಹಣವನ್ನು ತೆಗೆದುಕೊಟ್ಟು, ಅರ್ಜಿಯನ್ನು ಒರಳುಕಲ್ಲಿನ ಪಕ್ಕದ ಮಣೆಯ ಮೇಲಿಟ್ಟುಕೊಂಡು, ಒಂದೊಂದೇ ಅಕ್ಷರವನ್ನು ತಿದ್ದಿದಂತೆ ಬರೆದು ತಮ್ಮ ಹೆಸರನ್ನು ಹಾಕಿದರು. ಅವರ ಸಹಿಯನ್ನು ನಾವು ಕಂಡುದು ಅದೇ ಮೊದಲು.

ಆ ಬಳಿಕ ಮನೆಗೆ ಬಂದ ಪುಸ್ತಕಗಳನ್ನು ನಮಗಿಂತ ಹೆಚ್ಚಾಗಿ ಓದಿದವರು ತಾಯಿಯವರೇ. ನಾಲ್ಕನೆಯ ತರಗತಿಯವರೆಗೆ ಓದಿದ್ದವರು ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಹಿತ್ತಿಲ ಬಾಗಿಲಿನ ಬೆಳಕಿನಲ್ಲಿ ಕುಳಿತು ತ್ರಿವೇಣಿಯವರ ಕಾದಂಬರಿಗಳನ್ನು ಒಂದಾದ ಮೇಲೊಂದರಂತೆ ಮುಗಿಸಿದರು. ಎಂ. ಕೆ. ಇಂದಿರಾ ಅವರ “ಫಣಿಯಮ್ಮ” ಪ್ರಕಟವಾದುದು 1976ರಲ್ಲಿ. ಅದು ನಮ್ಮ ಶಾಖೆಗೆ ಬಂದ ಮೇಲೆ ನಮ್ಮ ಸರದಿಗೆ ಹಲವು ತಿಂಗಳು ಕಾಯಬೇಕಾಯಿತು. ಬಾಲ್ಯದಲ್ಲಿಯೇ ವಿಧವೆಯಾಗಿ ದೀರ್ಘಕಾಲ ಬದುಕಿದ ಹೆಂಗಸಿನ ಕಥೆಯದು. ತಾಯಿಯವರು ಅದನ್ನು ಮೂರು ದಿನ ಓದಿದರು. ಮೂರನೆಯ ದಿನ ಪುಸ್ತಕವನ್ನು ಮುಚ್ಚಿ ಮಡಿಲಲ್ಲಿಟ್ಟುಕೊಂಡು, “ನಮ್ಮ ಸೋದರತ್ತೆಯೂ ಹೀಗೆಯೇ ಇದ್ದರು. ಅವರ ವಿಷಯವನ್ನು ಯಾರಾದರೂ ಬರೆಯಬಹುದೆಂದು ನನಗೆ ಹೊಳೆದೇ ಇರಲಿಲ್ಲ” ಎಂದರು. ಆ ಅತ್ತೆಯವರ ಹೆಸರನ್ನು ನಾವು ಅದುವರೆಗೆ ಕೇಳಿರಲಿಲ್ಲ. ಅಂದು ಸಂಜೆ ದೀಪ ಹಚ್ಚುವವರೆಗೂ ಅವರು ಆ ಕಥೆಯನ್ನು ಹೇಳಿದರು. 1983ರಲ್ಲಿ ಪ್ರೇಮಾ ಕಾರಂತರು ಆ ಕಾದಂಬರಿಯನ್ನು ಚಲನಚಿತ್ರವಾಗಿ ಮಾಡಿದರು. ಕೆಲವು ವರ್ಷಗಳ ಮೇಲೆ ಮನೆಯಲ್ಲಿಯೇ ಅದನ್ನು ಎಲ್ಲರೂ ಕುಳಿತು ನೋಡಿದೆವು. ಚಿತ್ರವೇನೋ ಬಹಳ ಚೆನ್ನಾಗಿದ್ದಿತು. ಆದರೆ ಅಂದು ತಾಯಿಯವರು ಏನನ್ನೂ ಹೇಳಲಿಲ್ಲ. ನಡುವೆ ಎರಡು ಬಾರಿ ಎದ್ದು ಹೋಗಿ ಬಂದ ನೆಂಟರಿಗೆ ಕಾಫಿ ಮಾಡಿಕೊಟ್ಟರು.

ಇನ್ನು ನಮ್ಮ ತಪ್ಪನ್ನು ಹೇಳಬೇಕು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವು ಪ್ರಾರಂಭವಾದುದು 1981ರಲ್ಲಿ. ನಮ್ಮ ಮನೆಗೆ ಟೆಲಿವಿಷನ್ ಬಂದುದು 1987ರಲ್ಲಿ, ರಾಮಾಯಣ ಧಾರಾವಾಹಿಯು ನಡೆಯುತ್ತಿದ್ದಾಗ. ಭಾನುವಾರ ಬೆಳಗ್ಗೆ ಬೀದಿಯಲ್ಲಿ ಜನಸಂಚಾರವೇ ಇರುತ್ತಿರಲಿಲ್ಲ. ನೆರೆಹೊರೆಯವರು ಹಜಾರದಲ್ಲಿ ಚಾಪೆ ಹಾಸಿಕೊಂಡು ಕುಳಿತುಕೊಳ್ಳುತ್ತಿದ್ದರು. ಅದೂ ಒಂದು ಸಂತೋಷವೇ. ಆ ದಿನಗಳ ಟೆಲಿವಿಷನ್ ಹತ್ತು ಮನೆಯವರನ್ನು ಒಂದೆಡೆ ಸೇರಿಸುತ್ತಿದ್ದಿತೆಂಬುದನ್ನು ಒಪ್ಪಲೇಬೇಕು. ಅಷ್ಟರಲ್ಲಿ ತಂದೆಯವರು ತೀರಿಕೊಂಡು ತಾಯಿಯವರು ನಮ್ಮೊಡನೆ ಇರಲು ಬಂದಿದ್ದರು. ನಮಗೆ ಕಚೇರಿ, ಮಕ್ಕಳು, ಸಂಜೆಗೆ ಟೆಲಿವಿಷನ್. ತಾಯಿಯವರಿಗೆ ಮಂಡಿ ನೋವು. ಶಾಖಾ ಪುಸ್ತಕಾಲಯವು ಮಹಡಿಯ ಮೇಲಿದ್ದುದರಿಂದ ಅವರು ತಾವಾಗಿ ಹೋಗಲಾರರು. ಮೊದಮೊದಲು ಹದಿನೈದು ದಿನಕ್ಕೊಮ್ಮೆ ಪುಸ್ತಕ ಬದಲಿಸಿ ತಂದುಕೊಡುತ್ತಿದ್ದೆವು. ಬರುಬರುತ್ತ ತಿಂಗಳಿಗೊಮ್ಮೆಯಾಯಿತು. ಒಂದು ದಿನ ಅವರು, “ಪುಸ್ತಕ ಮುಗಿದಿದೆಯಮ್ಮಾ” ಎಂದಾಗ ನಾವು, “ಟೀವಿ ಇದೆಯಲ್ಲಮ್ಮ, ನೋಡುತ್ತಿರು” ಎಂದೆವು. ಅವರು ಮತ್ತೆ ಕೇಳಲಿಲ್ಲ. ನಮ್ಮ ಮನೆಯಲ್ಲಿಯೂ ಗುಂಡಿ ಬೇರೆಯವರ ಕೈಯಲ್ಲಿಯೇ ಇದ್ದಿತು. ಈ ಬಾರಿ ಆ ಬೇರೆಯವರು ನಾವೇ ಆಗಿದ್ದೆವು.

ತಾಯಿಯವರು 1998ರಲ್ಲಿ ಕಾಲವಾದರು. ಅವರ ಟ್ರಂಕನ್ನು ತೆಗೆದಾಗ ಸೀರೆಗಳ ಕೆಳಗೆ, ವೃತ್ತಪತ್ರಿಕೆಯ ಕಾಗದದಲ್ಲಿ ಅಚ್ಚುಕಟ್ಟಾಗಿ ರಟ್ಟು ಹಾಕಿದ ಒಂದು ಪುಸ್ತಕ ದೊರೆಯಿತು. ಹಿಮಾಲಯದ ಯಾತ್ರೆಯನ್ನು ಕುರಿತ ಪುಸ್ತಕವದು. ಒಳಗಿನ ಚೀಟಿಯಲ್ಲಿ ಶಾಖಾ ಪುಸ್ತಕಾಲಯದ ಮುದ್ರೆ. ಹಿಂದಿರುಗಿಸಬೇಕಾದ ಕಡೆಯ ದಿನಾಂಕ 1989ರದು. ಒಂಬತ್ತು ವರ್ಷ ಆ ಒಂದೇ ಪುಸ್ತಕವನ್ನು ಅವರು ಇಟ್ಟುಕೊಂಡು ಓದಿದ್ದರು. ಹಾಳೆಗಳ ಮೂಲೆಗಳು ಮೆತ್ತಗಾಗಿದ್ದವು. ಬೆಂಗಳೂರನ್ನು ದಾಟಿ ತಿರುಪತಿಗಿಂತ ಮುಂದೆ ಹೋಗದಿದ್ದವರು ಆ ಮಂಜಿನ ಹಾದಿಗಳಲ್ಲಿ ಎಷ್ಟು ಬಾರಿ ನಡೆದು ಬಂದರೋ ನಾವು ಬಲ್ಲವರಲ್ಲ. ಮರೆತು ಉಳಿಸಿಕೊಂಡ ಪುಸ್ತಕ ಅದಲ್ಲ. ಬದಲಿಸಿ ತರುವವರಿಲ್ಲದೆ ಉಳಿದುದು.

ಪುಸ್ತಕವನ್ನು ಹಿಂದಕ್ಕೆ ಕೊಡಲು ಹೋದಾಗ ದಂಡವೆಷ್ಟಾದರೂ ಕಟ್ಟುವುದೆಂದು ಹಣ ತೆಗೆದುಕೊಂಡು ಹೋಗಿದ್ದೆವು. ಮೇಜಿನಲ್ಲಿದ್ದ ಗ್ರಂಥಪಾಲಕಿಯವರು ದಿನಾಂಕವನ್ನು ನೋಡಿ, ನಮ್ಮ ಮುಖವನ್ನು ನೋಡಿ, ಕಾರಣವನ್ನು ಕೇಳಿದರು. ಹೇಳಿದೆವು. ಅವರು ಲೆಕ್ಕ ಹಾಕಿ ದಂಡ ತೆಗೆದುಕೊಂಡು ರಸೀತಿ ಬರೆದುಕೊಟ್ಟರು. ಆಮೇಲೆ, “ನಿಮ್ಮ ತಾಯಿಯವರಿಗೆ ಹಿಡಿಸಿದ ಪುಸ್ತಕ, ಇನ್ನಾರಿಗಾದರೂ ಹಿಡಿಸುತ್ತದೆ” ಎಂದು ಹೇಳಿ ಅದನ್ನು ಕಪಾಟಿನಲ್ಲಿ ಅದರ ಸ್ಥಾನದಲ್ಲಿಟ್ಟರು. ನಾವು ಅಂದೇ ಹೊಸದಾಗಿ ಸದಸ್ಯರಾಗಿ ಬಂದೆವು. ಅಂದಿನಿಂದ ಇಂದಿನವರೆಗೆ ವಾರಕ್ಕೆರಡು ಬಾರಿ ಹೋಗುವ ಪರಿಪಾಠವನ್ನು ಬಿಟ್ಟಿಲ್ಲ.

ಪುಸ್ತಕಾಲಯಗಳ ವಿಷಯದಲ್ಲಿ ನಮ್ಮ ದೇಶದಲ್ಲಿ ಅತ್ಯಂತ ಹೆಚ್ಚು ಯೋಚಿಸಿದವರು ಎಸ್. ಆರ್. ರಂಗನಾಥನ್‌ರವರು. ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದ ಅವರು, 1931ರಲ್ಲಿ ಈ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕವಿರುವುದು ಬೀಗ ಹಾಕಿಡುವುದಕ್ಕಲ್ಲ, ಬಳಸುವುದಕ್ಕೆ. ಓದುವ ಪ್ರತಿಯೊಬ್ಬರಿಗೂ ಅವರವರಿಗೆ ತಕ್ಕ ಪುಸ್ತಕ ಸಿಕ್ಕಬೇಕು. ಪ್ರತಿಯೊಂದು ಪುಸ್ತಕಕ್ಕೂ ಅದನ್ನು ಓದುವವರು ಸಿಕ್ಕಬೇಕು ಎಂಬುದು ಅವುಗಳಲ್ಲಿ ಮೊದಲ ಮೂರರ ತಾತ್ಪರ್ಯ. ಅದೇ ವರ್ಷ ಮನ್ನಾರ್ಗುಡಿಯ ಸುತ್ತಲಿನ ಹಳ್ಳಿಗಳಿಗೆ ಪುಸ್ತಕಗಳನ್ನು ಹೊತ್ತ ಎತ್ತಿನ ಗಾಡಿಯು ಹೊರಟಿತು. ಪುಸ್ತಕದ ಬಳಿಗೆ ಬರಲಾರದವರ ಬಳಿಗೆ ಪುಸ್ತಕವೇ ಹೋಗಬೇಕೆಂಬುದು ಅವರ ಅಭಿಪ್ರಾಯ. 1957ರಲ್ಲಿ ಅವರು ಬೆಂಗಳೂರಿಗೆ ಬಂದು ನೆಲೆಸಿ 1972ರಲ್ಲಿ ಇಲ್ಲಿಯೇ ಕಾಲವಾದರು. ಇದನ್ನೆಲ್ಲ ನಾವು ಓದಿದುದು ಬಹಳ ತಡವಾಗಿ. ಮಂಡಿ ನೋವಿನ ಒಬ್ಬ ಮುದುಕಿಗೆ ಎರಡು ಬೀದಿಗಳಾಚೆಯಿಂದ ಪುಸ್ತಕ ತಂದುಕೊಡಲು ಎತ್ತಿನ ಗಾಡಿ ಬೇಕಾಗಿರಲಿಲ್ಲವೆಂಬುದು ಅದನ್ನು ಓದಿದಾಗ ನಮ್ಮ ಮನಸ್ಸನ್ನು ಚುಚ್ಚಿತು.

ಈಗ ಮೊಮ್ಮಗಳ ಪ್ರಶ್ನೆಗೆ ಬರೋಣ. ಮನೆಯ ವಿನೋದಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಹಾಸಿಗೆ ಹಿಡಿದವರಿಗೆ, ಕಣ್ಣು ಮಂದವಾದವರಿಗೆ, ದೂರದ ಊರಿನಲ್ಲಿರುವವರಿಗೆ ಅವು ದೊಡ್ಡ ಉಪಕಾರ. ಅಕ್ಷರಗಳನ್ನು ಬೇಕಾದಷ್ಟು ದಪ್ಪವಾಗಿ ಮಾಡಿಕೊಂಡು ಓದಬಹುದಾದ ಯಂತ್ರವೊಂದು ನಮ್ಮ ತಾಯಿಯವರ ಕೈಯಲ್ಲಿದ್ದಿದ್ದರೆ ಅವರು ನಮ್ಮ ಮುಖವನ್ನು ನೋಡಿಕೊಂಡು ಇರಬೇಕಾಗಿರಲಿಲ್ಲ. 2020ರಲ್ಲಿ ಮಹಾಮಾರಿಯ ನಿಮಿತ್ತ ಪುಸ್ತಕಾಲಯಗಳ ಬಾಗಿಲು ಮುಚ್ಚಿದಾಗ ನಾವೂ ಮಗನ ಸಹಾಯದಿಂದ ಫೋನಿನಲ್ಲಿ ಓದಿದೆವು, ಚಿತ್ರಗಳನ್ನು ನೋಡಿದೆವು. ಮನೆಯಲ್ಲಿ ಐದು ಜನ, ಐದು ಯಂತ್ರಗಳು, ಐದು ಮೂಲೆಗಳು. ವಿನೋದಕ್ಕೆ ಕೊರತೆಯೇ ಇರಲಿಲ್ಲ. ಆದರೆ ಬಾಗಿಲು ತೆರೆದ ದಿನ ಶಾಖೆಯ ಮೆಟ್ಟಿಲ ಮೇಲೆ ನಮಗಿಂತ ಮುಂಚೆ ಏಳೆಂಟು ಜನ ಕಾದು ನಿಂತಿದ್ದರು. ಅವರಾರೂ ಮನೆಯಲ್ಲಿ ಫೋನಿಲ್ಲದವರೆಂದು ನಮಗೆ ತೋರಲಿಲ್ಲ.

ಅವರು ಏಕೆ ಬಂದಿದ್ದರೆಂಬುದನ್ನು ಅಲ್ಲಿ ಕುಳಿತು ನೋಡಿದರೆ ತಿಳಿಯುತ್ತದೆ. ಸರಕಾರಿ ಪರೀಕ್ಷೆಗೆ ಓದುವ ಹುಡುಗಿಯೊಬ್ಬಳು ಬೆಳಗ್ಗೆಯೇ ಬಂದು ಕಿಟಕಿಯ ಪಕ್ಕದ ಕುರ್ಚಿಯನ್ನು ಹಿಡಿಯುತ್ತಾಳೆ. ಅವಳ ಮನೆಯಲ್ಲಿ ಇರುವುದು ಒಂದೇ ಕೋಣೆ. ಅದರಲ್ಲಿ ಟೆಲಿವಿಷನ್ ಹಗಲೆಲ್ಲ ಮಾತನಾಡುತ್ತದೆ. ವಿಶ್ರಾಂತ ಉಪಾಧ್ಯಾಯರೊಬ್ಬರು ನಾಲ್ಕು ಪತ್ರಿಕೆಗಳನ್ನೂ ಓದಿ ನಾಲ್ಕರ ಮೇಲೂ ಕೋಪಿಸಿಕೊಂಡು ಹೋಗುತ್ತಾರೆ. ಹೂ ಮಾರುವಾಕೆಯೊಬ್ಬಳು ಮಧ್ಯಾಹ್ನ ವ್ಯಾಪಾರವಿಲ್ಲದ ಹೊತ್ತಿನಲ್ಲಿ ಮಗನನ್ನು ಕರೆತಂದು ಚಿತ್ರದ ಪುಸ್ತಕಗಳ ಮುಂದೆ ಕೂರಿಸಿ ತಾನು ಗೋಡೆಗೊರಗಿ ವಿಶ್ರಮಿಸಿಕೊಳ್ಳುತ್ತಾಳೆ. ಇವರಲ್ಲಿ ಯಾರೂ ಯಾರಿಗೂ ಬಂಧುಗಳಲ್ಲ. ಆದರೂ ಒಬ್ಬರು ಓದುತ್ತಿರುವುದನ್ನು ಕಂಡು ಇನ್ನೊಬ್ಬರಿಗೆ ಓದುವ ಮನಸ್ಸಾಗುತ್ತದೆ.

ಮತ್ತೊಂದು ಭೇದವನ್ನೂ ನಾವು ಕಂಡಿದ್ದೇವೆ. ಮನೆಯ ಯಂತ್ರವು ನಾವು ನಿನ್ನೆ ನೋಡಿದುದನ್ನು ನೆನಪಿಟ್ಟುಕೊಂಡು ಇಂದು ಅಂಥದನ್ನೇ ತಂದು ಮುಂದಿಡುತ್ತದೆ. ಅಡಿಗೆ ನೋಡಿದವರಿಗೆ ಅಡಿಗೆ, ಜಗಳ ನೋಡಿದವರಿಗೆ ಜಗಳ. ಕಪಾಟಿಗೆ ನಮ್ಮ ಗುರುತಿಲ್ಲ. ನಾವು ಕಾದಂಬರಿಯನ್ನು ಅರಸುತ್ತ ಹೋದರೆ ಅದರ ಪಕ್ಕದ ಸಾಲಿನಲ್ಲಿ ಜೇನು ಸಾಕುವುದನ್ನು ಕುರಿತ ಪುಸ್ತಕವೋ, ಹಿಮಾಲಯದ ಯಾತ್ರೆಯೋ ಇರುತ್ತದೆ. ಕೇಳಬೇಕೆಂದೇ ತಿಳಿಯದಿದ್ದ ವಸ್ತು ಕೈಗೆ ಸಿಕ್ಕುವುದು ಹೀಗೆ. ನಮ್ಮ ತಾಯಿಯವರಿಗೆ ಆ ಯಾತ್ರೆಯ ಪುಸ್ತಕ ಸಿಕ್ಕಿದುದೂ ಹೀಗೆಯೇ. ನಾವು ಅವಸರದಲ್ಲಿ ಕೈಗೆ ಬಂದುದನ್ನು ತಂದುಕೊಟ್ಟಿದ್ದೆವು.

ಎಲ್ಲಕ್ಕಿಂತ ಮುಖ್ಯವಾದುದೇನೆಂದರೆ, ಮನೆಯಲ್ಲಿ ನಾವು ಯಾವಾಗಲೂ ಯಾರಿಗಾದರೂ ಏನಾದರೂ ಆಗಿರುತ್ತೇವೆ: ಮಗಳು, ಸೊಸೆ, ತಾಯಿ, ಅಜ್ಜಿ. ಇವೆಲ್ಲ ಪ್ರೀತಿಯ ಹೆಸರುಗಳೇ. ಆದರೆ ಆ ಹೆಸರುಗಳಲ್ಲಿ ಯಾವುದಾದರೊಂದನ್ನು ಯಾರಾದರೂ ಕೂಗಿದರೆ ವಿನೋದವು ಅಲ್ಲಿಗೆ ನಿಲ್ಲುತ್ತದೆ. ಪುಸ್ತಕಾಲಯದಲ್ಲಿ ಹೆಣ್ಣುಮಗಳೊಬ್ಬಳು ಎರಡು ಗಂಟೆಗಳ ಕಾಲ ಬರಿಯ ಓದುಗಳಾಗಿರಬಹುದು. ಪೇಟ ಧರಿಸಿದ ಮುದುಕರಿಗೆ ಎಷ್ಟು ಹಕ್ಕೋ ಅವಳಿಗೂ ಅಷ್ಟೇ ಹಕ್ಕು. ಹಣ ಕೊಟ್ಟು ಹೋಗುವ ವಿನೋದದ ಸ್ಥಳಗಳಲ್ಲಿಯೂ ಈ ಸಮಾನತೆ ದೊರೆಯದು.

ಪೋಷಕರಾದ ವಾಚಕರಲ್ಲಿ ಒಂದು ಮಾತು. ಆಗಿನ ಮೈಸೂರು ರಾಜ್ಯದಲ್ಲಿ 1965ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಾಯಿತು. ಅದರ ಮೇರೆಗೆ ನಗರಗಳಲ್ಲಿ ಆಸ್ತಿ ತೆರಿಗೆಯೊಡನೆ, ಇಂದಿನ ಲೆಕ್ಕದಲ್ಲಿ ನೂರು ರೂಪಾಯಿಗೆ ಆರು ರೂಪಾಯಿಯಂತೆ, ಗ್ರಂಥಾಲಯದ ಕರವನ್ನು ಎಲ್ಲರೂ ತೆರುತ್ತಿದ್ದೇವೆ. ಹೋಗುವವರೂ ತೆರುತ್ತಾರೆ, ಹೋಗದವರೂ ತೆರುತ್ತಾರೆ. ಹಳ್ಳಿಗಳಲ್ಲಿಯೂ ಗ್ರಾಮ ಪಂಚಾಯತಿಯ ಪುಸ್ತಕಾಲಯಗಳಿವೆ. 2020ರಲ್ಲಿ ಪ್ರಾರಂಭವಾದ “ಓದುವ ಬೆಳಕು” ಎಂಬ ಕಾರ್ಯಕ್ರಮದಿಂದ ಅನೇಕ ಮಕ್ಕಳು ಅವುಗಳ ಸದಸ್ಯರಾದರು. ಹೀಗೆ ನಮ್ಮ ಹಣದಿಂದಲೇ ನಡೆಯುವ ಮನೆಯೊಂದು ನೆರೆಯಲ್ಲಿರುವಾಗ ಹೆಣ್ಣುಮಕ್ಕಳನ್ನು ಒಮ್ಮೆಯಾದರೂ ಅಲ್ಲಿಗೆ ಕರೆದೊಯ್ಯಿರಿ. ಮನೆಯಿಂದ ಹೊರಗೆ ಹೋಗಲಾರದ ಹಿರಿಯರಿದ್ದರೆ ಅವರಿಗಾಗಿ ಒಂದು ಪುಸ್ತಕವನ್ನು ತಪ್ಪದೆ ತಂದುಕೊಡಿರಿ. “ಟೀವಿ ಇದೆಯಲ್ಲ” ಎಂದು ಮಾತ್ರ ಹೇಳಬೇಡಿರಿ.

ಅಂದು ಸಂಜೆ ಮರಳಿ ಬಂದು ಮೊಮ್ಮಗಳಿಗೆ ಇಷ್ಟನ್ನೆಲ್ಲ ಹೇಳಲಾಗಲಿಲ್ಲ. ಅವಳ ಮುತ್ತಜ್ಜಿಯ ಟ್ರಂಕಿನ ಕಥೆಯನ್ನು ಮಾತ್ರ ಹೇಳಿದೆವು. ಅವಳು ಸ್ವಲ್ಪ ಹೊತ್ತು ಫೋನನ್ನು ಕೆಳಗಿಟ್ಟು ಕುಳಿತಿದ್ದು, “ಆ ಪುಸ್ತಕ ಈಗಲೂ ಅಲ್ಲಿದೆಯಾ, ಅಜ್ಜಿ?” ಎಂದು ಕೇಳಿದಳು. ಮುಂದಿನ ಶನಿವಾರ ಇಬ್ಬರೂ ಹೋಗಿ ಹುಡುಕಿದೆವು. ಪುಸ್ತಕವು ಸ್ಥಾನದಲ್ಲಿರಲಿಲ್ಲ, ಯಾರೋ ಓದಲು ತೆಗೆದುಕೊಂಡು ಹೋಗಿದ್ದರು. ಮೊಮ್ಮಗಳು ತನ್ನ ಹೆಸರಿನಲ್ಲಿ ಅರ್ಜಿಯನ್ನು ತುಂಬಿದಳು. ಹಿರಿಯರ ಸಹಿಯ ಜಾಗದಲ್ಲಿ ನಾವು ರುಜು ಹಾಕಿದೆವು.